ತಿಳಿಯದು ಎನ್ನಲು ನಾಚಿಕೆಯೇಕೆ?



ಇಂಗ್ಲಿಷ್ ಸಂಭಾಷಣೆಯನ್ನು ಮೂರು ತಿಂಗಳಲ್ಲಿ ಕಲಿಸಿಕೊಡುವುದಾಗಿ ಹೇಳುವ ಕೈಪಿಡಿಗಳು ಪುಸ್ತಕದಂಗಡಿಗಳಲ್ಲಿ ರಾಶಿ ಬಿದ್ದಿವೆ. ಅದೇ ಬಗೆಯ ಉಪದೇಶದ ವಿಡಿಯೊಗಳು ಈಗ ಮೊಬೈಲಿನಲ್ಲೂ ಹರಿದಾಡುತ್ತಿವೆ. ಅವುಗಳಲ್ಲಿ ಬಹುಪಾಲು ಒಂದೇ ಸೂತ್ರವನ್ನು ಸಾರುತ್ತವೆ: ‘ಐ ಥಿಂಕ್’ ಎನ್ನಬೇಡಿ, ‘ಪರ್‌ಹ್ಯಾಪ್ಸ್’ ಎನ್ನಬೇಡಿ, ‘ಐ ಡೋಂಟ್ ನೋ’ ಎಂದಂತೂ ಎಂದಿಗೂ ಹೇಳಬೇಡಿ, ಅದು ದೌರ್ಬಲ್ಯದ ಲಕ್ಷಣ, ಆತ್ಮವಿಶ್ವಾಸವಿರುವವನು ಖಚಿತವಾಗಿ ಮಾತನಾಡುತ್ತಾನೆ. ಮೂರು ದಶಕಗಳಿಗೂ ಮಿಕ್ಕಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಬೋಧಿಸಿದ ನನಗೆ ಈ ಉಪದೇಶ ತಪ್ಪೆಂದಷ್ಟೇ ಅಲ್ಲ, ಅಪಾಯಕಾರಿ ಎಂದೂ ತೋರುತ್ತದೆ. ನಿಮ್ಮಲ್ಲಿ ಅನೇಕರು ಇಂದು ಬೇರೆ ಬೇರೆ ದೇಶಗಳಲ್ಲಿ ಇಂಗ್ಲಿಷ್ ಭಾಷಿಕರೊಡನೆ ಉದ್ಯೋಗ ಮಾಡುತ್ತಿದ್ದೀರಿ. ನಿಮ್ಮ ಮಕ್ಕಳು ಅದೇ ಭಾಷೆಯಲ್ಲಿ ಓದುತ್ತಿದ್ದಾರೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಇಂಗ್ಲಿಷನ್ನು ಮನೆಮಾತಾಗಿ ಆಡುವವರ ಮಾತನ್ನು ಗಮನವಿಟ್ಟು ಕೇಳಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರಲ್ಲಿ ವಿದ್ಯಾವಂತರಾದವರು ಖಚಿತವಾಗಿ ಮಾತನಾಡುವುದಕ್ಕಿಂತ ಹೆಚ್ಚಾಗಿ ಅಳೆದು ತೂಗಿ ಮಾತನಾಡುತ್ತಾರೆ. ‘ಐ ಮೇ ಬಿ ರಾಂಗ್’, ‘ಆ್ಯಸ್ ಫಾರ್ ಆ್ಯಸ್ ಐ ನೋ’, ‘ಐ ಆಮ್ ನಾಟ್ ಎಂಟೈರ್ಲಿ ಶೂರ್’, ‘ಕರೆಕ್ಟ್ ಮಿ ಇಫ್ ಐ ಆಮ್ ರಾಂಗ್’ ಎಂಬಂತಹ ಮಾತುಗಳು ಅವರ ಸಂಭಾಷಣೆಯ ತುಂಬ ಇರುತ್ತವೆ. ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ 1972ರ ತಮ್ಮ ಪ್ರಬಂಧದಲ್ಲಿ ಇಂತಹ ಪದಗಳನ್ನು ‘ಹೆಜ್’ ಎಂದು ಕರೆದರು. ಹೆಜ್ ಎಂದರೆ ಬೇಲಿ. ರೈತ ತನ್ನ ಹೊಲ ಎಲ್ಲಿಗೆ ಮುಗಿಯುತ್ತದೆಂದು ತೋರಿಸಲು ಬೇಲಿ ಹಾಕುತ್ತಾನೆ; ಮಾತಿನ ಬೇಲಿ ನಮ್ಮ ತಿಳಿವಳಿಕೆ ಎಲ್ಲಿಗೆ ಮುಗಿಯುತ್ತದೆಂದು ತೋರಿಸುತ್ತದೆ. ತನ್ನ ಹೊಲದ ಮೇರೆಯನ್ನು ಬಲ್ಲವನು ದುರ್ಬಲನೆಂದು ಯಾರೂ ಹೇಳುವುದಿಲ್ಲ.

ಇನ್ನೊಂದು ಪಕ್ಷದವರೂ ಇದ್ದಾರೆ. ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದು ಬಂದ ನಮ್ಮ ಬಂಧುಗಳು, ‘ಇಂಗ್ಲಿಷರ ಈ ನಯವೆಲ್ಲ ಬರಿಯ ನಾಟಕ, ನಾಟ್ ಶೂರ್ ಎಂದರೆ ಖಂಡಿತ ಬೇಡ ಎಂದೇ ಅರ್ಥ’ ಎಂದು ನಗುವುದುಂಟು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ‘ಐ ಆಮ್ ನಾಟ್ ಶೂರ್ ಐ ಅಗ್ರೀ’ ಎನ್ನುವ ಇಂಗ್ಲಿಷ್ ಸಹೋದ್ಯೋಗಿಗೆ ತನ್ನ ಅಸಮ್ಮತಿಯ ಬಗ್ಗೆ ಬಹಳ ಸಲ ಯಾವ ಅನಿಶ್ಚಿತತೆಯೂ ಇರುವುದಿಲ್ಲ. ‘ಕ್ವೈಟ್ ಗುಡ್’ ಎಂದರೆ ಅಮೆರಿಕದವನಿಗೆ ಬಹಳ ಚೆನ್ನಾಗಿದೆ ಎಂದು ಅರ್ಥ. ಇಂಗ್ಲೆಂಡಿನವನ ಬಾಯಲ್ಲಿ ಅದು ಅನೇಕ ವೇಳೆ ‘ಪರವಾಗಿಲ್ಲ’ ಎಂಬುದರ ಆಚೆ ಹೋಗುವುದಿಲ್ಲ.

ಈ ನಯದಿಂದ ಅನಾಹುತವಾದದ್ದೂ ಉಂಟು. ಕೊರಿಯಾ ಯುದ್ಧದಲ್ಲಿ, 1951ರ ಏಪ್ರಿಲ್ ತಿಂಗಳಿನಲ್ಲಿ, ಇಮ್ಜಿನ್ ನದಿಯ ದಂಡೆಯ ಮೇಲೆ ಬ್ರಿಟಿಷ್ ದಳವೊಂದು ಚೀನೀ ಸೈನ್ಯದ ಮಹಾಪ್ರವಾಹಕ್ಕೆ ಸಿಲುಕಿತ್ತು. ಬ್ರಿಗೇಡಿಯರ್ ಬ್ರೋಡಿ ತನ್ನ ಮೇಲಿನ ಅಮೆರಿಕನ್ ಸೇನಾಪತಿಗೆ ಪರಿಸ್ಥಿತಿ ‘ಎ ಬಿಟ್ ಸ್ಟಿಕಿ’, ಅಂದರೆ ತುಸು ಇಕ್ಕಟ್ಟಿನದು, ಎಂದು ವರದಿ ಮಾಡಿದನೆಂದೂ, ಇಂಗ್ಲಿಷರ ರೂಢಿಯನ್ನರಿಯದ ಸೇನಾಪತಿ ಅದನ್ನು ತುಸುವೆಂದೇ ತಿಳಿದನೆಂದೂ ಆ ಯುದ್ಧದ ಚರಿತ್ರೆಗಳು ಹೇಳುತ್ತವೆ. ಗ್ಲೌಸ್ಟರ್‌ಷೈರ್ ರೆಜಿಮೆಂಟಿನ ಪಡೆ ಗುಡ್ಡದ ಮೇಲೆ ಸುತ್ತುವರಿಯಲ್ಪಟ್ಟು, ಅದರ ಐನೂರಕ್ಕೂ ಹೆಚ್ಚು ಸೈನಿಕರು ಸೆರೆಯಾದರು.

ಆದರೆ ಇಲ್ಲೇ ನಾವು ಎಚ್ಚರದಿಂದ ವಿಂಗಡಿಸಬೇಕು. ಬ್ರಿಗೇಡಿಯರನಿಗೆ ಸಂದೇಹವಿರಲಿಲ್ಲ, ತನ್ನ ಸೈನಿಕರ ಸ್ಥಿತಿ ಅವನಿಗೆ ಚೆನ್ನಾಗಿ ತಿಳಿದಿತ್ತು. ತಿಳಿದದ್ದನ್ನು ಮೃದುಗೊಳಿಸುವುದು ಬೇರೆ, ತಿಳಿಯದ್ದನ್ನು ತಿಳಿಯದೆನ್ನುವುದು ಬೇರೆ. ಮೊದಲನೆಯದು ದಾಕ್ಷಿಣ್ಯ, ಅದು ಚಹಾಕೂಟದಲ್ಲಿ ಶೋಭಿಸುತ್ತದೆ, ರಣರಂಗದಲ್ಲಿ ಅಲ್ಲ. ಎರಡನೆಯದು ಸತ್ಯ, ಅದು ಎಲ್ಲಿಯೂ ಬೇಕು. ಇವೆರಡೂ ಇಂಗ್ಲಿಷಿನಲ್ಲಿ ಒಂದೇ ಉಡುಪನ್ನು ತೊಡುತ್ತವೆ ಎಂಬ ಕಾರಣಕ್ಕೆ ಎರಡನ್ನೂ ಕಪಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಮೂರನೆಯದೊಂದಿದೆ. ಎದುರಿನವನ ಮಾತು ನಮಗೆ ಪೂರ್ತಿ ಅರ್ಥವಾಗದಿದ್ದಾಗ ಹೇಳುವ ಮಾತು. ‘ಐ ಡಿಡಿಂಟ್ ಕ್ವೈಟ್ ಕ್ಯಾಚ್ ದಟ್’, ‘ಐ ಆಮ್ ಅಫ್ರೇಡ್ ಐ ಡೋಂಟ್ ಫಾಲೋ’, ‘ಐ ಆಮ್ ನಾಟ್ ಶೂರ್ ಐ ಅಂಡರ್‌ಸ್ಟ್ಯಾಂಡ್’. ಇಲ್ಲಿ ‘ಅಫ್ರೇಡ್’ ಎಂಬುದಕ್ಕೆ ಭಯವೆಂಬ ಅರ್ಥವಿಲ್ಲವೆಂದು ತರಗತಿಯಲ್ಲಿ ಹೇಳಿಕೊಟ್ಟದ್ದು ನಿಮಗೆ ನೆನಪಿರಬಹುದು. ಈ ವಾಕ್ಯಗಳ ರಚನೆಯನ್ನು ನೋಡಿರಿ. ಹೇಳಿದವನು ಗೊಣಗಿರಬಹುದು, ಅವನ ವಿವರಣೆಯೇ ಗೊಂದಲಮಯವಾಗಿರಬಹುದು. ಆದರೂ ಕೇಳುವವನು ಆ ಕೊರತೆಯನ್ನು ತನ್ನ ಕಿವಿಯ ಮೇಲೆ, ತನ್ನ ಗ್ರಹಿಕೆಯ ಮೇಲೆ ಹಾಕಿಕೊಳ್ಳುತ್ತಾನೆ. ಹಾಗೆ ಮಾಡಿ ತನಗೆ ಬೇಕಾದ ಸ್ಪಷ್ಟತೆಯನ್ನು ಪಡೆದುಕೊಳ್ಳುತ್ತಾನೆ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಎಂಬ ವಿದ್ವಾಂಸರು ಸೌಜನ್ಯವನ್ನು ಕುರಿತ ತಮ್ಮ ಪ್ರಸಿದ್ಧ ಅಧ್ಯಯನವನ್ನು 1978ರಲ್ಲಿ ಪ್ರಕಟಿಸಿದರು. ಎದುರಿನವನ ಮುಖಕ್ಕೆ, ಎಂದರೆ ಮರ್ಯಾದೆಗೆ, ಭಂಗ ಬಾರದಂತೆ ಮಾತನಾಡುವುದು ಮನುಷ್ಯರಲ್ಲಿ ಎಲ್ಲೆಡೆಯೂ ಕಂಡುಬರುವ ನಡವಳಿಕೆ ಎಂಬುದು ಅವರ ವಾದ. ಅದಕ್ಕೆ ಅವರು ಬಳಸಿದ ಮೂರು ಮುಖ್ಯ ಭಾಷೆಗಳಲ್ಲಿ ಇಂಗ್ಲಿಷಿನ ಜೊತೆಗೆ ನಮ್ಮ ನೆರೆಯ ತಮಿಳೂ ಒಂದು. ಆದ್ದರಿಂದ ಸೌಜನ್ಯವನ್ನು ಇಂಗ್ಲಿಷರಿಂದ ಸಾಲ ತರಬೇಕಾಗಿದೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ಇಂತಹ ಮಾತುಗಳನ್ನು ಗಿಳಿಪಾಠದಂತೆ ಕಲಿಸುವವರಿಗೆ ಇನ್ನೊಂದು ಸಂಗತಿಯನ್ನು ನೆನಪಿಸಬೇಕು. ಕೇಳಿಸದಿದ್ದಾಗ ‘ವಾಟ್’ ಎನ್ನುವುದು ಒರಟು, ‘ಪಾರ್ಡನ್’ ಎನ್ನುವುದೇ ಸಭ್ಯ ಎಂದು ನಮ್ಮ ಶಾಲೆಗಳಲ್ಲಿ ಇಂದಿಗೂ ಕಲಿಸುತ್ತಾರೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಅಲನ್ ರಾಸ್ 1954ರಲ್ಲಿ ಇಂಗ್ಲಿಷ್ ಮೇಲ್ವರ್ಗದ ಭಾಷೆಯನ್ನು ಕುರಿತು ಬರೆದ ಲೇಖನವನ್ನು, ಅದನ್ನು ಜನಪ್ರಿಯಗೊಳಿಸಿದ ನ್ಯಾನ್ಸಿ ಮಿಟ್‌ಫರ್ಡ್ ಅವರ 1956ರ ಸಂಕಲನವನ್ನು ನೋಡಿದರೆ ಅದು ತಲೆಕೆಳಗಾಗುತ್ತದೆ. ಅಲ್ಲಿಯ ಶ್ರೀಮಂತ ಮನೆತನಗಳಲ್ಲಿ ‘ವಾಟ್’ ಎಂಬುದೇ ಸಹಜ; ‘ಪಾರ್ಡನ್’ ಎನ್ನುವುದು ಕೆಳಗಿನಿಂದ ಮೇಲೇರಲು ಹವಣಿಸುವವರ ಗುರುತು! ಪದದಲ್ಲಿ ಸೌಜನ್ಯವಿಲ್ಲ. ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುವ ಮನಸ್ಸಿನಲ್ಲಿದೆ.

ಅನಿಶ್ಚಿತತೆಯನ್ನು ಮಾತಿನಲ್ಲಿ ಉಳಿಸಿಕೊಳ್ಳುವುದು ಏಕೆ ಇಷ್ಟು ಮುಖ್ಯವೆಂಬುದಕ್ಕೆ ಇಂಗ್ಲಿಷ್ ಜಗತ್ತಿನಿಂದಲೇ ಎರಡು ದೃಷ್ಟಾಂತಗಳನ್ನು ಕೊಡುತ್ತೇನೆ. ಯುಗೋಸ್ಲಾವಿಯದ ಮೇಲೆ ಸೋವಿಯತ್ ಬಣದ ಆಕ್ರಮಣ ಆ ವರ್ಷ ನಡೆಯುವುದು ‘ಗಂಭೀರ ಸಾಧ್ಯತೆ’ ಎಂದು 1951ರಲ್ಲಿ ಅಮೆರಿಕದ ಗುಪ್ತಚರ ಅಂದಾಜೊಂದು ಹೇಳಿತು. ಅದನ್ನು ಸಿದ್ಧಪಡಿಸಿದವರಲ್ಲಿ ಷೆರ್ಮನ್ ಕೆಂಟ್ ಪ್ರಮುಖರು. ಆ ಮಾತಿಗೆ ಎಷ್ಟು ಪ್ರಮಾಣದ ಸಂಭವವೆಂದು ಅರ್ಥ ಎಂದು ಅವರು ತಮ್ಮ ಸಹೋದ್ಯೋಗಿಗಳನ್ನೇ ಕೇಳಿದಾಗ, ಉತ್ತರಗಳು ನೂರಕ್ಕೆ 20ರಿಂದ 80ರವರೆಗೆ ಹರಡಿಕೊಂಡಿದ್ದವು. ಒಂದೇ ವಾಕ್ಯಕ್ಕೆ ಒಟ್ಟಾಗಿ ಸಮ್ಮತಿಸಿದವರು ಬೇರೆ ಬೇರೆ ವಿಷಯಗಳಿಗೆ ಸಮ್ಮತಿಸಿದ್ದರು! ಕೆಂಟ್ 1964ರಲ್ಲಿ ಈ ಅನುಭವವನ್ನು ಬರೆದು, ಸಂಭವವನ್ನು ಸೂಚಿಸುವ ಒಂದೊಂದು ಪದಕ್ಕೂ ಒಂದೊಂದು ಅಳತೆಯನ್ನು ಗೊತ್ತುಪಡಿಸಬೇಕೆಂದು ವಾದಿಸಿದರು. ಇಂದು ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರಿ ಸಮಿತಿಯ ವರದಿಗಳಲ್ಲಿ ‘ಲೈಕ್ಲಿ’ ಎಂದರೆ ನೂರಕ್ಕೆ 66ಕ್ಕಿಂತ ಹೆಚ್ಚು, ‘ವೆರಿ ಲೈಕ್ಲಿ’ ಎಂದರೆ 90ಕ್ಕಿಂತ ಹೆಚ್ಚು ಸಂಭವವೆಂದು ಗೊತ್ತುಮಾಡಿರುವುದರ ಹಿಂದೆಯೂ ಇದೇ ಬಗೆಯ ವಿವೇಕವಿದೆ. ಸಂದೇಹವನ್ನು ಮರೆಮಾಚುವುದರ ಬದಲು ಅದನ್ನು ಅಳೆದು ಹೇಳಿದರೆ ಅದೇ ಜ್ಞಾನವಾಗುತ್ತದೆ.

ಎರಡನೆಯ ದೃಷ್ಟಾಂತ ಇನ್ನೂ ಕಹಿಯಾದದ್ದು. ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂದು ಬ್ರಿಟಿಷ್ ಸರ್ಕಾರ 2002ರ ಸೆಪ್ಟೆಂಬರಿನಲ್ಲಿ ಕಡತವೊಂದನ್ನು ಪ್ರಕಟಿಸಿತು. 2003ರ ಮಾರ್ಚಿನಲ್ಲಿ ಯುದ್ಧ ನಡೆಯಿತು. ಅಂತಹ ಅಸ್ತ್ರಗಳ ಸಂಗ್ರಹ ದೊರೆಯಲಿಲ್ಲ. 2004ರ ಜುಲೈನಲ್ಲಿ ಬಂದ ಬಟ್ಲರ್ ವರದಿ ಒಂದು ವಿಷಯವನ್ನು ಎತ್ತಿ ತೋರಿಸಿತು. ಗುಪ್ತಚರರ ಮೂಲ ವರದಿಗಳಲ್ಲಿ ತಮ್ಮ ಮಾಹಿತಿಯ ಮಿತಿಯನ್ನು ಕುರಿತ ಎಚ್ಚರಿಕೆಯ ಮಾತುಗಳಿದ್ದವು. ಸಾರ್ವಜನಿಕರ ಮುಂದಿಟ್ಟ ಕಡತದಲ್ಲಿ ಅವು ಸ್ಪಷ್ಟವಾಗಿ ಉಳಿಯಲಿಲ್ಲ. ‘ಇರಬಹುದು’ ಎಂಬುದು ದಾರಿಯಲ್ಲಿ ‘ಇದೆ’ ಎಂದಾಯಿತು. ಆತ್ಮವಿಶ್ವಾಸದಿಂದ ಮಾತನಾಡಿರಿ ಎಂದು ಮಕ್ಕಳಿಗೆ ಬೋಧಿಸುವ ಕೈಪಿಡಿಕಾರರು ಈ ಎರಡು ಪದಗಳ ನಡುವಿನ ಅಂತರದಲ್ಲಿ ಎಷ್ಟು ಜೀವಗಳು ಹೋದವೆಂದು ಒಮ್ಮೆ ಯೋಚಿಸಲಿ.

ಅರ್ಥವಾಗದ್ದನ್ನು ಅರ್ಥವಾಯಿತೆಂದುಕೊಳ್ಳುವುದರ ಬೆಲೆಯೂ ಕಡಿಮೆಯಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನನಿಲ್ದಾಣದಲ್ಲಿ ಮಂಜು ಕವಿದಿತ್ತು. ಡಚ್ ವಿಮಾನದ ಸಹಚಾಲಕ ತಾವು ‘ಅಟ್ ಟೇಕ್‌ಆಫ್’ ಎಂದು ಇಂಗ್ಲಿಷಿನಲ್ಲಿ ತಿಳಿಸಿದ. ಅದು ಹೊರಡಲು ಸಿದ್ಧರೆಂದೋ ಹೊರಟೇಬಿಟ್ಟೆವೆಂದೋ ಸ್ಪಷ್ಟವಿರಲಿಲ್ಲ. ಸ್ಪೇನಿನ ನಿಯಂತ್ರಕ ‘ಓಕೆ’ ಎಂದ. ಅವನ ಮುಂದಿನ ಮಾತು ಏಕಕಾಲಕ್ಕೆ ಬಂದ ಇನ್ನೊಂದು ಸಂದೇಶದ ಗದ್ದಲದಲ್ಲಿ ಮುಳುಗಿಹೋಯಿತು. ಡಚ್ ವಿಮಾನದ ಇಂಜಿನಿಯರನಿಗೆ ಮಾತ್ರ ಅನುಮಾನ ಬಂದಿತು. ಆ ಪ್ಯಾನ್ ಅಮೆರಿಕನ್ ವಿಮಾನ ಇನ್ನೂ ಓಡುದಾರಿಯಿಂದ ಸರಿದಿಲ್ಲವೇ ಎಂದು ಅವನು ಕೇಳಿದ. ಹಿರಿಯನಾದ ಕ್ಯಾಪ್ಟನ್ ಒಂದೇ ಮಾತಿನಲ್ಲಿ, ದೃಢವಾಗಿ, ಸರಿದಿದೆ ಎಂದುಬಿಟ್ಟ. ಕೆಲವೇ ಕ್ಷಣಗಳಲ್ಲಿ ಎರಡು ವಿಮಾನಗಳೂ ಡಿಕ್ಕಿಯಾಗಿ 583 ಮಂದಿ ಸತ್ತರು. ಅಲ್ಲಿ ಅನುಮಾನಪಟ್ಟವನು ಸರಿ, ಆತ್ಮವಿಶ್ವಾಸದಿಂದ ನುಡಿದವನು ತಪ್ಪು. ಆ ದುರಂತದ ನಂತರ ವೈಮಾನಿಕ ಸಂಭಾಷಣೆಯ ಪದಗಳನ್ನು ಬಿಗಿಗೊಳಿಸಿದರು. ಹೊರಡಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದುಮಾಡುವಾಗ ಮಾತ್ರವೇ ‘ಟೇಕ್‌ಆಫ್’ ಪದವನ್ನು ಬಳಸುವ ಪದ್ಧತಿ ಬಂದಿತು. ಬರಿಯ ‘ಓಕೆ’ ಸಾಲದು. ಕೇಳಿಸಿಕೊಂಡದ್ದನ್ನು ಮರಳಿ ಒಪ್ಪಿಸಬೇಕು.

ಈ ಉದಾಹರಣೆ ನಯವನ್ನು ಅತಿಯಾಗಿ ಮೆಚ್ಚುವವರಿಗೂ ಪಾಠವೇ. 1990ರ ಜನವರಿ 25ರಂದು ಕೊಲಂಬಿಯಾದ ವಿಮಾನವೊಂದು ಇಂಧನ ಮುಗಿದು ನ್ಯೂಯಾರ್ಕಿನ ಸಮೀಪ ಬಿದ್ದು 73 ಮಂದಿ ತೀರಿಕೊಂಡರು. ಇಂಧನ ತೀರುತ್ತಿದೆ ಎಂದು ಸಹಚಾಲಕ ಹೇಳಿದ್ದ. ಆದರೆ ‘ಎಮರ್ಜೆನ್ಸಿ’ ಎಂಬ ಪದವನ್ನು ಉಚ್ಚರಿಸಲಿಲ್ಲ. ತಿಳಿದಿರುವಾಗ ಸ್ಪಷ್ಟವಾಗಿ ಹೇಳಬೇಕು. ತಿಳಿಯದಿರುವಾಗ ಅದನ್ನೂ ಸ್ಪಷ್ಟವಾಗಿಯೇ ಹೇಳಬೇಕು. ನನ್ನ ವಾದವೆಲ್ಲ ಇಷ್ಟೇ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ‘ಕನ್ನಡದಲ್ಲಿ ಇಂತಹ ನವಿರಾದ ಮಾತುಗಳಿಲ್ಲ’ ಎಂದು ಇಂಗ್ಲಿಷ್ ಕಲಿತ ಕೆಲವರು ಹೇಳುವಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಹೈಸ್ಕೂಲಿನ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂಬ ಕ್ರಿಯಾರೂಪವನ್ನು ನೀವೆಲ್ಲ ಕಂಠಪಾಠ ಮಾಡಿದ್ದೀರಿ: ಬಂದಾನು, ಬಂದಾಳು, ಬಂದೀತು. ಇಂಗ್ಲಿಷಿನವನು ‘ಮೇ’, ‘ಮೈಟ್’ ಎಂಬ ಬೇರೆ ಪದವನ್ನು ಜೋಡಿಸಿ ಹೇಳಬೇಕಾದ ಅನಿಶ್ಚಯವನ್ನು ನಮ್ಮ ಭಾಷೆ ಕ್ರಿಯಾಪದದ ಒಡಲೊಳಗೇ ಇರಿಸಿದೆ. ಇನ್ನು ‘ಅಂತೆ’ಯನ್ನು ನೋಡಿರಿ. ‘ಅವನು ಬಂದನಂತೆ’ ಎಂದಾಗ ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂಬ ಪ್ರಾಮಾಣಿಕ ಘೋಷಣೆ ಎರಡಕ್ಷರದಲ್ಲಿ ಮುಗಿಯುತ್ತದೆ. ‘ಬಂದನೇನೋ’ ಎಂದರೆ ಊಹೆ. ‘ನನಗೆ ಅರ್ಥವಾಗಲಿಲ್ಲ’ ಎಂಬ ವಾಕ್ಯದಲ್ಲಿ ‘ನಾನು’ ಕರ್ತೃವೇ ಅಲ್ಲ. ಅರ್ಥವೆಂಬುದು ನನಗೆ ಒದಗಬೇಕಾದದ್ದು, ಒದಗಲಿಲ್ಲ. ಇದಕ್ಕಿಂತ ವಿನಯದ ವಾಕ್ಯರಚನೆ ಇಂಗ್ಲಿಷಿನಲ್ಲಿ ಎಲ್ಲಿದೆ?

ನಮ್ಮ ಪರಂಪರೆಯೂ ಸಂದೇಹಕ್ಕೆ ಹೆದರಿದ್ದಲ್ಲ. ನ್ಯಾಯದರ್ಶನದ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಸಂಶಯಕ್ಕೆ ಸ್ಥಾನವಿದೆ. ಸಂಶಯವಿಲ್ಲದೆ ವಿಚಾರವೇ ಆರಂಭವಾಗದು. ಕನ್ನಡಕ್ಕೆ ಪಂಪ, ಪೊನ್ನ, ರನ್ನರನ್ನು ಕೊಟ್ಟ ಜೈನ ಪರಂಪರೆ ಸ್ಯಾದ್ವಾದವನ್ನು ಬೆಳೆಸಿತು. ‘ಒಂದು ದೃಷ್ಟಿಯಿಂದ ಹೀಗಿರಬಹುದು’ ಎಂಬ ಮಿತಿಯೊಡನೆ ಮಾತನಾಡುವುದನ್ನು ಏಳು ಬಗೆಯಾಗಿ ವಿಂಗಡಿಸಿ ಶಾಸ್ತ್ರವನ್ನಾಗಿಸಿತು. ಇಷ್ಟು ಸಂಪತ್ತಿದ್ದೂ ನಮ್ಮ ಮಕ್ಕಳು ಏಕೆ ಬಾಯಿ ಬಿಡುವುದಿಲ್ಲ?

ಉತ್ತರವನ್ನು ಭಾಷೆಯಲ್ಲಿ ಹುಡುಕಬಾರದು. ಮನೆಗಳಲ್ಲಿ, ಶಾಲೆಗಳಲ್ಲಿ ಹುಡುಕಬೇಕು. ‘ಗೊತ್ತಿಲ್ಲ’ ಎಂದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವುದು, ಏನಾದರೊಂದು ಬಾಯಿಗೆ ಬಂದದ್ದನ್ನು ಹೇಳಿದವನನ್ನು ಕೂರಿಸುವುದು ನಮ್ಮ ತರಗತಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕ್ರಮ. ಹುಡುಗ ಇದರಿಂದ ಕಲಿಯುವುದೇನು? ಸುಳ್ಳಾದರೂ ಸರಿ, ಉತ್ತರವಿರಬೇಕು ಎಂಬುದನ್ನು. ‘ಅರ್ಥವಾಯಿತೇ?’ ಎಂದು ಶಿಕ್ಷಕರು ಕೇಳುವುದು, ಐವತ್ತು ಕಂಠಗಳು ‘ಆಯಿತು ಸಾರ್’ ಎಂದು ರಾಗವೆಳೆಯುವುದು ಕೂಡ ಒಂದು ಬಗೆಯ ನಾಟಕವೇ. ನಾನು ತರಗತಿಯಲ್ಲಿ ‘ಅರ್ಥವಾಯಿತೇ’ ಎಂದು ಕೇಳದೆ, ‘ಈ ಪಾಠದಲ್ಲಿ ಯಾವ ವಾಕ್ಯ ತೊಡಕಾಗಿದೆ, ಅದನ್ನು ಓದಿ’ ಎಂದು ಕೇಳುತ್ತಿದ್ದುದಕ್ಕೆ ಇದೇ ಕಾರಣ. ತೊಡಕಿರುವುದು ಸಹಜವೆಂದು ಒಮ್ಮೆ ಒಪ್ಪಿಕೊಂಡರೆ ಕೈಗಳು ತಾವಾಗಿಯೇ ಮೇಲೇಳುತ್ತವೆ.

ಹೀಗೆ ಕೈಯೆತ್ತಿದ ನಮ್ಮ ಹುಡುಗ ‘ಸಾರ್, ಐ ಹ್ಯಾವ್ ಎ ಡೌಟ್’ ಎಂದರೆ ಅದನ್ನು ಗೇಲಿಮಾಡುವವರೂ ಇದ್ದಾರೆ. ಇಂಗ್ಲೆಂಡಿನವನಿಗೆ ‘ಡೌಟ್’ ಎಂದರೆ ಅಪನಂಬಿಕೆ. ಹೇಳಿದ ವಿಷಯವನ್ನೇ ಈ ಹುಡುಗ ನಂಬುತ್ತಿಲ್ಲವೇನೋ ಎಂದು ಅವನಿಗೆ ಕೇಳಿಸುತ್ತದೆ. ಆದ್ದರಿಂದ ಇಂಗ್ಲಿಷರೊಡನೆ ವ್ಯವಹರಿಸುವಾಗ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನುವುದೇ ಲೇಸು. ಆದರೆ ನಮ್ಮ ಹುಡುಗನ ‘ಡೌಟ್’ ನಮ್ಮ ‘ಸಂದೇಹ’ದ ಅನುವಾದ. ಸಂದೇಹವನ್ನು ಕೇಳುವವನು ಗುರುವನ್ನು ನಂಬಿಯೇ ಕೇಳುತ್ತಾನೆ. ನಂಬಿಕೆಯಿಲ್ಲದ ಕಡೆ ಯಾರು ತಾನೇ ಸಂದೇಹ ಪರಿಹಾರ ಬಯಸುತ್ತಾರೆ? ಆ ಪದಪ್ರಯೋಗವನ್ನು ನಗುವ ಮೊದಲು ಅದರ ಹಿಂದಿನ ಧೈರ್ಯವನ್ನು ಗೌರವಿಸಬೇಕು.

‘ಮೇಷ್ಟ್ರೇ, ಇದೆಲ್ಲ ಸರಿ, ಸಂದರ್ಶನದಲ್ಲಿ ಗೊತ್ತಿಲ್ಲ ಎಂದರೆ ಕೆಲಸ ಯಾರು ಕೊಡುತ್ತಾರೆ?’ ಎಂಬ ಪ್ರಶ್ನೆಯನ್ನು ಹಳೆಯ ವಿದ್ಯಾರ್ಥಿಗಳಿಂದ ಹಲವು ಬಾರಿ ಕೇಳಿದ್ದೇನೆ. ಎಲ್ಲದಕ್ಕೂ ಗೊತ್ತಿಲ್ಲ ಎನ್ನುವವನಿಗೆ ಕೊಡಬಾರದು, ನಿಜ. ಆದರೆ ‘ಇದು ನನಗೆ ನಿಶ್ಚಿತವಾಗಿ ತಿಳಿಯದು, ತಿಳಿದಿರುವುದು ಇಷ್ಟು, ಉಳಿದದ್ದನ್ನು ಹೀಗೆ ಕಂಡುಕೊಳ್ಳುತ್ತೇನೆ’ ಎನ್ನುವವನೂ ಎಲ್ಲವನ್ನೂ ಬಲ್ಲಂತೆ ನಟಿಸುವವನೂ ಎದುರಿಗಿದ್ದರೆ, ನಿಮ್ಮ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಲು ಯಾರನ್ನು ಆರಿಸುತ್ತೀರಿ? ಅನಿಶ್ಚಯದ ಮಾತುಗಳನ್ನು ಜವಾಬ್ದಾರಿಯಿಂದ ನುಣುಚಿಕೊಳ್ಳಲು ಬಳಸುವವರಿದ್ದಾರೆ ಎಂಬುದನ್ನೂ ಒಪ್ಪುತ್ತೇನೆ. ಜಾರ್ಜ್ ಆರ್ವೆಲ್ 1946ರಲ್ಲೇ ರಾಜಕೀಯ ಭಾಷೆಯನ್ನು ಕುರಿತ ತಮ್ಮ ಪ್ರಬಂಧದಲ್ಲಿ, ನೇರವಾಗಿ ಹೇಳಬಹುದಾದದ್ದನ್ನು ‘ಅಲ್ಲವೆನ್ನಲಾಗದು’ ಎಂಬಂತೆ ಎರಡು ನಿಷೇಧಗಳಲ್ಲಿ ಸುತ್ತಿಡುವ ಚಟವನ್ನು ಝಾಡಿಸಿದ್ದಾರೆ. ಆ ಬೇಲಿ ಹೊಲವನ್ನು ಕಾಯುವುದಿಲ್ಲ. ಬೇಲಿಯೇ ಎದ್ದು ಹೊಲವನ್ನು ಮೇಯುತ್ತದೆ. ಅದು ನನಗೂ ಬೇಡ.

ಇವೆಲ್ಲವನ್ನೂ ಈಗ ಬರೆಯಲು ಒಂದು ತುರ್ತು ಕಾರಣವಿದೆ. ನಮ್ಮ ಅಜ್ಜಿಯರು ಕಟ್ಟೆಯ ಮೇಲೆ ಕುಳಿತು ಊರ ಸುದ್ದಿ ಆಡುವಾಗಲೂ ‘ಅಂತೆ’ಯನ್ನು ಬಿಡುತ್ತಿರಲಿಲ್ಲ. ಇಂದು ನಮ್ಮ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲಿ ಸಕ್ಕರೆ ಕಾಯಿಲೆಯ ಔಷಧದಿಂದ ಹಿಡಿದು ನೆರೆಮನೆಯವರ ಜಾತಿಧರ್ಮದವರೆಗೆ ಬರುವ ಸಂದೇಶಗಳನ್ನು ಓದಿರಿ: ಒಂದರಲ್ಲಿಯೂ ‘ಅಂತೆ’ಯಿಲ್ಲ, ‘ಇರಬಹುದು’ ಇಲ್ಲ. ಎಲ್ಲವೂ ‘ಇದೆ’, ‘ಸಾಬೀತಾಗಿದೆ’, ‘ಖಂಡಿತ’. 2020ರ ಕೊರೋನಾ ಕಾಲದಲ್ಲಿ ಕಷಾಯಗಳನ್ನು ಕುರಿತು ಬಂದ ಸಂದೇಶಗಳನ್ನು ನೆನಪಿಸಿಕೊಳ್ಳಿ. ಕೇಳಿದ್ದೇನನ್ನೂ ಉತ್ತರವಿಲ್ಲದೆ ಬಿಡದ ಯಂತ್ರಗಳೂ ಈಗ ಮಕ್ಕಳ ಕೈಯಲ್ಲಿವೆ. ಅವು ಸರಿಯಾದದ್ದನ್ನೂ ತಪ್ಪಾದದ್ದನ್ನೂ ಅನೇಕ ವೇಳೆ ಒಂದೇ ಧ್ವನಿಯಲ್ಲಿ ಹೇಳುತ್ತವೆ. ಇಂತಹ ಕಾಲದಲ್ಲಿ ‘ನನಗೆ ನಿಶ್ಚಯವಿಲ್ಲ’ ಎನ್ನಬಲ್ಲ ಮನುಷ್ಯನೇ ನಂಬಿಕೆಗೆ ಅರ್ಹ.

ಆದ್ದರಿಂದ ನನ್ನ ವಿದ್ಯಾರ್ಥಿಗಳಾಗಿದ್ದು ಇಂದು ತಾಯಿತಂದೆಯರಾದ, ಅಧಿಕಾರಿಗಳಾದ ನಿಮ್ಮಲ್ಲಿ ನನ್ನ ಕೋರಿಕೆ ಇದು. ನಿಮ್ಮ ಮಕ್ಕಳಿಗೆ ‘ಐ ಆಮ್ ನಾಟ್ ಶೂರ್’ ಎಂಬುದನ್ನು ಅವಶ್ಯವಾಗಿ ಕಲಿಸಿರಿ. ಅದರೊಂದಿಗೆ ‘ಬಂದೀತು’, ‘ಅಂತೆ’, ‘ನನಗೆ ಅರ್ಥವಾಗಲಿಲ್ಲ’ ಎಂಬುವನ್ನೂ ಕಲಿಸಿರಿ. ನಿಮ್ಮ ಕೈಕೆಳಗಿನವನು ‘ಸರ್, ಪೂರ್ತಿ ತಿಳಿಯಲಿಲ್ಲ’ ಎಂದಾಗ ಗಡಿಯಾರ ನೋಡಬೇಡಿರಿ. ಗುಂಪಿಗೆ ಸಂದೇಶವನ್ನು ರವಾನಿಸುವ ಮುನ್ನ ಕೊನೆಯಲ್ಲೊಂದು ‘ಅಂತೆ’ಯನ್ನು ಸೇರಿಸಿರಿ, ಸೇರಿಸಿದ ಮೇಲೆ ಅದು ಕಳುಹಿಸಲು ಯೋಗ್ಯವೆಂದು ತೋರದಿದ್ದರೆ ಅಲ್ಲಿಗೇ ಬಿಟ್ಟುಬಿಡಿರಿ.